ಏಳು ಸಾವಿರದ ಅರವತ್ತೆರಡನೇ ಮರ

ಫೋನು ಅನ್ನೋದು ನಮ್ಮನೆ ಹೊಸಿಲು ದಾಟಿ ಒಳಗೆ ಬಂದ ಮೇಲೆ ವಾರಕ್ಕೊಂದು ಸಲವಾದರೂ ನನ್ನ ಎದೆ ಧಸಕ್ ಅನ್ನದೆ ಬಿಟ್ಟಿಲ್ಲ. ಎದೆ ಅಂದರೆ ಅದೇನು ಸಾಮಾನ್ಯ ಎದೆಯಲ್ಲ. ಹರೆಯದಲ್ಲಿ ಒಂದು ಸಲ ತೆಂಗಿನ ಮರ ಅರ್ಧ ಹತ್ತಿದ್ದೆ, ಮೇಲಿಂದ ಒಂದು ಚಿರತೆ ಇಳಿದು ಬರ್ತಾ ಇತ್ತು. ನಾನು ದಾರಿ ಬಿಡಲಿಲ್ಲ. ಅದೇ ತಿರುಗಿ ಮೇಲಕ್ಕೆ ಹತ್ತಿ ಗರಿ ಮೇಲೆ ಕೂತ್ಕೊಂತು. ಅದರ ಪಕ್ಕದಲ್ಲೇ ನಿಂತು ಕಾಯಿ ಕಿತ್ತು, ನಾನು ಇಳಿದ ಮೇಲೇ ಅದು ಇಳಿದದ್ದು. ಅಂಥಾ ಗುಂಡಿಗೆಯನ್ನ ಅಂಗೈ ಅಗಲದ ಒಂದು ಗಾಜಿನ ಹಲಗೆ ನಡುಗಿಸಿಬಿಡ್ತು ಅಂದರೆ ನೀವೇ ಲೆಕ್ಕ ಹಾಕಿ.

ನಾನು ಶಾಲೆ ಮೆಟ್ಟಿಲು ಹತ್ತಿದವನಲ್ಲ. ಅಕ್ಷರ ಕಲಿತದ್ದು ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿನ ಬೋರ್ಡು ನೋಡಿ. ಬರೆಯೋದು ನಿಧಾನ, ಹೇಳೋದು ಜೋರು. ಆದರೆ ನನ್ನ ವಿದ್ಯೆಯೇ ಬೇರೆ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ ತಗೊಂಡು, ನನ್ನ ಕಣ್ಣು ಕಟ್ಟಿ, ಕಿವಿ ಹತ್ತಿರ ಅಲ್ಲಾಡಿಸಿ. ಒಳಗಿನ ಕೊಬ್ಬರಿ ಗಡಗಡ ಅನ್ನೋ ಸದ್ದು ಕೇಳಿಯೇ, ನಮ್ಮ ತೋಟದ್ದಾದರೆ ಇಂಥ ಮರದ್ದು ಅಂತ ಹೇಳಿಬಿಡ್ತೀನಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲ್ಲೂಕು ಹುಡುಕಿದರೂ ಇಂಥಾ ಕಿವಿ ಇನ್ನೊಂದಿಲ್ಲ.

ಈ ಸಲದ ಅಟ್ಟ ನಮ್ಮನೆಯವಳದ್ದು. ಅವಳು ಮದುವೆಯಾಗಿ ಬಂದಾಗಿನಿಂದ ಸ್ನಾನ ಮಾಡ್ತಿರೋದು ಹಿತ್ತಲಲ್ಲಿ, ತೆಂಗಿನ ಗರಿ ಹೆಣೆದು ನಿಲ್ಲಿಸಿದ ಮರೆಯೊಳಗೆ. ಗಾಳಿ ಬೀಸಿದರೆ ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಗರಿ. ಪ್ರತಿ ವರ್ಷ ಅಟ್ಟದ ಕಾಯಿ ಇಳಿಸಿ ಮಾರಿದಾಗಲೂ ನಾನು ಪಂಪು, ಪೈಪು ಅಂತ ಏನಾದರೊಂದು ತಂದುಬಿಡ್ತಿದ್ದೆ. ಈ ಸಲ ಕಾಯಿ ಅಟ್ಟಕ್ಕೆ ಏರಿಸಿದ ದಿನವೇ ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೇಳಿದಳು: "ನೋಡ್ರೀ, ಈ ಅಟ್ಟ ನಂದು. ಇದರ ದುಡ್ಡಲ್ಲಿ ನಂಗೊಂದು ಬಚ್ಚಲುಮನೆ. ನಾಕು ಗೋಡೆ, ಮೇಲೊಂದು ಸೂರು, ಬಾಗಿಲಿಗೆ ಒಳಗಡೆಯಿಂದ ಚಿಲಕ. ಕಾಯಿ ಇಳಿಯೋಗಂಟ ಅಟ್ಟದ ಸುದ್ದಿ ಯಾರ ಹತ್ರಾನೂ ಎತ್ತಬೇಡಿ."

ನಮ್ಮ ಕಡೆ ಅದೊಂದು ಕಟ್ಟಳೆ. ಮಕ್ಕಳೆಷ್ಟು ಅಂತ ಕೇಳಿದರೆ ಹೇಳ್ತೀವಿ, ಅಟ್ಟದಲ್ಲಿ ಕಾಯಿ ಎಷ್ಟು ಅಂತ ಕೇಳಿದರೆ "ಏನೋ ಅಷ್ಟೋ ಇಷ್ಟೋ" ಅಂತೀವಿ. ಕಣ್ಣು ಬೀಳುತ್ತೆ ಅಂತ. ಆ ಕಟ್ಟಳೆ ಫೋನಿಗೂ ಸಲ್ಲುತ್ತೆ ಅಂತ ನನಗೆ ಯಾರು ಹೇಳಿದ್ದರು?

೧. ಗುಟ್ಟು ಬಚ್ಚಿಟ್ಟ ಜಾಗ

ಕೊಬ್ಬರಿ ದುಡ್ಡು ಸೀದಾ ಖಾತೆಗೆ ಬರಲಿ ಅಂತ ಬ್ಯಾಂಕಿನ ಮೇಡಂ ನನ್ನ ಫೋನಿನಲ್ಲೇ ದುಡ್ಡು ತರಿಸೋ, ಕಳಿಸೋ ಏರ್ಪಾಡು ಮಾಡಿಕೊಟ್ಟರು. ನಾಲ್ಕಂಕಿಯ ಒಂದು ಪಿನ್ ನಂಬರು ಹಾಕಿಸಿದರು. ಏಳು, ಸೊನ್ನೆ, ಆರು, ಎರಡು.

"ಅಜ್ಜಾ, ಇದನ್ನ ಯಾರಿಗೂ ಹೇಳಬೇಡಿ. ಕಾಗದದ ಮೇಲೆ ಬರೆದಿಡಬೇಡಿ" ಅಂದರು.

ಕಾಗದದ ಮೇಲೆ ಬೇಡ ಅಂದರು, ಸರಿ. ನಮ್ಮ ತೋಟದಲ್ಲಿ ಮುನ್ನೂರು ಮರ ಇವೆ. ಕೊಯ್ಲಿನ ಲೆಕ್ಕ ತಪ್ಪದಿರಲಿ ಅಂತ ಪ್ರತಿ ಮರದ ಮೇಲೂ ಬಿಳಿ ಬಣ್ಣದಲ್ಲಿ ಒಂದು, ಎರಡು, ಮೂರು ಅಂತ ನಂಬರು ಬರೆಸಿದ್ದೀನಿ. ಮುನ್ನೂರು ನಂಬರಿನ ನಡುವೆ ಇನ್ನೊಂದು ನಂಬರು ಯಾರ ಕಣ್ಣಿಗೆ ಬೀಳುತ್ತೆ? ಬಾವಿ ಪಕ್ಕದ ಮರದ ಮೇಲೆ ನಾನೇ ಬ್ರಷ್ ಹಿಡಿದು ದಪ್ಪಗೆ ೭೦೬೨ ಅಂತ ಬರೆದೆ. ದೂರ ನಿಂತು ನೋಡಿದೆ. ಇಷ್ಟು ತಲೆ ಈ ಭೂಮಿ ಮೇಲೆ ಇನ್ಯಾರಿಗೂ ಓಡಿರಲಾರದು ಅನ್ನಿಸ್ತು.

ತಿಂಗಳಾದ ಮೇಲೆ ಮರ ಹತ್ತೋನು ಕೊಯ್ಲಿಗೆ ಬಂದ. ನಮ್ಮ ಸುತ್ತಮುತ್ತಲ ತೋಟಕ್ಕೆಲ್ಲಾ ಅವನೊಬ್ಬನೇ. ನಾಲ್ಕು ಮರ ಇಳಿದು ನನ್ನ ಹತ್ತಿರ ಬಂದು ಬೀಡಿ ಹಚ್ಚಿ ಕೇಳಿದ: "ಯಜಮಾನ್ರೇ, ಬಾವಿ ಪಕ್ಕದ ಮರದ ಮ್ಯಾಲಿರೋದು ನಿಮ್ಮ ಫೋನಿನ ಪಿನ್ ನಂಬರ್ ಅಲ್ವಾ?"

ಬಾಯಲ್ಲಿದ್ದ ಎಲೆಅಡಿಕೆ ಗಂಟಲಿಗೆ ಸಿಕ್ಕಿಕೊಂಡಿತು. "ನಿಂಗ್ಯಾರ್ಲಾ ಹೇಳಿದ್ದು?"

"ಯಾರು ಹೇಳಬೇಕು? ಮುನ್ನೂರು ಮರದ ತೋಟದಾಗೆ ಏಳು ಸಾವಿರದ ಅರವತ್ತೆರಡನೇ ಮರ ಎಲ್ಲಿಂದ ಬತ್ತದೆ?"

"ಇವತ್ತೇ ಅಳಿಸ್ತೀನಿ. ನೀನು ಮರೆತುಬುಡಪ್ಪಾ."

"ಮರೀತೀನಿ ಬುಡಿ. ನಿಮ್ದೇ ಎಷ್ಟೋ ವಾಸಿ. ನಿಮ್ಮ ಪಕ್ಕದ ತೋಟದೋರದ್ದು ಪಂಪ್ ಮನೆ ಗೋಡೆ ಮ್ಯಾಲಿದೆ. ಆಚೆಯೋರದ್ದು ನೀರಿನ ತೊಟ್ಟಿ ಮ್ಯಾಲೆ. ಅದರಾಚೆಯೋರದ್ದು ಹಲಸಿನ ಮರದ ಮ್ಯಾಲೆ. ಮ್ಯಾಲೆ ಹತ್ತಿ ನಿಂತ್ರೆ ಎಲ್ಲಾ ಕಾಣ್ತದೆ ಯಜಮಾನ್ರೇ." ಅವನು ಬೆರಳು ಮಡಚಿ ಎಣಿಸಿದ. "ನಂಗೆ ಬಾಯಿಗೆ ಬರೋದು ಇಪ್ಪತ್ತೆಂಟು ಮನೇದು."

ಅವನು ಬೀಡಿ ಆರಿಸಿ, ತಲೆ ಕೆರ್ಕೊಂಡು ಅಂದ: "ಇವತ್ತು ಮಧ್ಯಾಹ್ನಕ್ಕೇ ಬುಟ್ಟುಬುಡಿ ಯಜಮಾನ್ರೇ, ಬ್ಯಾಂಕಿಗೆ ಹೋಗಬೇಕು. ನಂದೊಂದು ಮರೆತೋಗದೆ."

೨. ಚಿರತೆ ಕತೆ ಕೇಳಿದವನು

ಅಳಿಸಿದ ಮೇಲೂ ಸಮಾಧಾನ ಆಗದೆ ಪಿನ್ ನಂಬರನ್ನ ತಿರುಗಾಮುರುಗಾ ಮಾಡಿಬಿಟ್ಟೆ. ಎರಡು, ಆರು, ಸೊನ್ನೆ, ಏಳು. ಇನ್ನು ಆ ಮರ ಹತ್ತೋನಲ್ಲ, ಅವನ ತಾತ ಬಂದರೂ ಗೊತ್ತಾಗಲ್ಲ ಅಂತ ಧೈರ್ಯವಾಗಿದ್ದೆ.

ಒಂದು ದಿನ ಜಗಲಿ ಮೇಲೆ ಕೂತಿದ್ದಾಗ ಫೋನು ಬಂತು. ಗೊತ್ತಿಲ್ಲದ ದನಿ, ಭಾರೀ ಮರ್ಯಾದೆ. "ಸಾರ್, ನಿಮ್ಮ ಖಾತೆ ಇವತ್ತು ಸಂಜೆಗೆ ಬಂದ್ ಆಗುತ್ತೆ. ಈಗ ನಿಮ್ಮ ಫೋನಿಗೆ ಒಂದು ನಂಬರ್ ಬಂದಿದೆ, ಓದಿ ಹೇಳಿ."

ಇಂಥವರ ಸುದ್ದಿ ನಾನು ಕೇಳಿದ್ದೆ. ಇವನಿಗೆ ಬುದ್ಧಿ ಕಲಿಸೋಣ ಅಂತ ಕಾಲು ಮಡಚಿ ಕೂತೆ. "ಅಷ್ಟು ಸುಲಭಕ್ಕೆ ಹೇಳ್ತೀನೇನಪ್ಪಾ? ನಾನು ಯಾರು ಗೊತ್ತಾ? ಚಿರತೆಯನ್ನ ವಾಪಸ್ ಮರ ಹತ್ತಿಸಿದವನು" ಅಂದೆ.

"ಸಾರ್, ನಂಬರ್..."

"ಮೊದಲು ಚಿರತೆ ಕೇಳು."

ಕೇಳಿಸಿದೆ. ಆಮೇಲೆ ನಮ್ಮ ತಾತ ಒಂದೇ ಕೈಯಲ್ಲಿ ಎತ್ತಿನಗಾಡಿ ಎತ್ತಿದ್ದು, ನಮ್ಮಪ್ಪ ಹುಳಿಯಾರಿಗೆ ನಡೆದು ಹೋಗಿ ಊಟದ ಹೊತ್ತಿಗೆ ವಾಪಸ್ ಬಂದದ್ದು, ನಮಗೆ ಎಷ್ಟು ಮಕ್ಕಳು, ಯಾರು ಯಾವ ಊರಿಗೆ ಸೇರಿದ್ದಾರೆ, ಮನೆಯಲ್ಲಿ ಈಗ ನಾವಿಬ್ಬರೇ ಇರೋದು, ಎಲ್ಲಾ ಹೇಳಿದೆ. ನಡುನಡುವೆ ಅವನು "ಸಾರ್, ನಂಬರ್" ಅಂತಿದ್ದ. "ತಡಿಯಪ್ಪಾ, ಇನ್ನೂ ಇದೆ" ಅಂತಿದ್ದೆ. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳೀತು. ಕೊನೆಗೆ ಅವನ ದನಿಯಲ್ಲಿ ಮರ್ಯಾದೆಯೂ ಉಳಿದಿರಲಿಲ್ಲ, ಶಕ್ತಿಯೂ ಉಳಿದಿರಲಿಲ್ಲ. "ಅಜ್ಜಾ, ಕೈ ಮುಗೀತೀನಿ, ಬಿಟ್ಟುಬಿಡಿ" ಅಂದ.

"ಹೋಗು, ಬದುಕ್ಕೋ" ಅಂತ ಫೋನನ್ನ ಪಕ್ಕಕ್ಕಿಟ್ಟು ಮೀಸೆ ತಿರುವಿದೆ.

ನಮ್ಮನೆಯವಳು ಅಲ್ಲೇ ಮೊರದಲ್ಲಿ ರಾಗಿ ಕೇರ್ತಾ ಕೂತಿದ್ದಳು. "ಆ ನಂಬರೊಂದು ಬಿಟ್ಟು ನಮ್ಮನೇಲಿ ಅವನಿಗೆ ಗೊತ್ತಿಲ್ಲದ್ದು ಇನ್ನೇನು ಉಳೀತು?" ಅಂದಳು.

"ಬೇಕಾದ್ದಷ್ಟೇ ಹೇಳಿದೆ ಕಣೇ."

"ನಮ್ಮ ನಾಯಿಗೆ ಕಿವಿ ಕೇಳಿಸಲ್ಲ ಅಂತಾನೂ ಹೇಳಿದ್ರಿ."

"ಅದನ್ನ ಹೇಳಲಿಲ್ಲ ಬುಡು."

ಪಕ್ಕದಲ್ಲಿ ಬಿದ್ದಿದ್ದ ಫೋನಿನೊಳಗಿಂದ ಸಣ್ಣಗೆ ದನಿ ಬಂತು: "ಹೇಳಿದ್ರಿ ಅಜ್ಜಾ."

೩. ಹುಳಿಯಾರು ಬಸ್ಸು

ನಮ್ಮ ಪಕ್ಕದ ತೋಟದವನೂ ನಾನೂ ಒಟ್ಟಿಗೆ ಗೋಲಿ ಆಡಿ ಬೆಳೆದವರು. ಅವನಿಗೆ ಒಂದೇ ರೋಗ, ಎಲ್ಲದರಲ್ಲೂ ನನ್ನನ್ನ ಮೀರಿಸಬೇಕು. ನನಗೆ ಅಂಥ ರೋಗ ಇಲ್ಲ, ನಾನು ಹುಟ್ಟಿದಾಗಿನಿಂದ ಮೀರಿಸಿಯೇ ಇದ್ದೀನಿ. ಫೋನಿನಲ್ಲಿ ನಮ್ಮ ತೋಟದವರದ್ದೊಂದು ಗ್ರೂಪ್ ಇದೆ. ಅದರಲ್ಲಿ ಅವನು ತನ್ನ ಮರದ ಒಂದು ಗೊನೆ ಫೋಟೋ ಹಾಕಿ, "ಇಂಥಾದ್ದು ಯಾರ ತೋಟದಲ್ಲಿದೆ?" ಅಂತ ಕೇಳಿದ.

ಅವತ್ತು ನಮ್ಮನೆಯವಳು ಹುಳಿಯಾರಿನಲ್ಲಿರೋ ಅವರಕ್ಕನ ಮನೆಗೆ ಹೋಗಿದ್ದಳು. ಮನೆಯಲ್ಲಿ ತಡೆಯೋರು ಯಾರೂ ಇಲ್ಲ. ಫೋನನ್ನ ಚೊಂಬಿಗೆ ಒರಗಿಸಿ ನಿಲ್ಲಿಸಿ, ಅಟ್ಟದ ಕೆಳಗೆ ನಿಂತು ವಿಡಿಯೋ ಮಾಡಿದೆ.

"ಗೊನೆ ತೋರಿಸೋದೇನು ದೊಡ್ಡದಲ್ಲ ಕಣ್ಲಾ, ಅಟ್ಟ ತೋರಿಸು! ಇಲ್ಲಿ ನೋಡು, ಇಪ್ಪತ್ತು ಸಾವಿರ ಕಾಯಿ! ಬೇಕಾದೋರು ಬಂದು ನೋಡ್ರಪ್ಪಾ. ನಾವು ಮನೇಲಿಲ್ಲದಿದ್ರೂ ಪರವಾಗಿಲ್ಲ, ಬೀಗದ ಕೈ ಜಗಲಿ ಮೇಲಿನ ಬೀಸೋ ಕಲ್ಲಿನ ಅಡಿ ಇರುತ್ತೆ." ಕೊನೆಯಲ್ಲಿ ನನ್ನ ಫೋನ್ ನಂಬರನ್ನೂ ಹೇಳಿದೆ. ಕೆಲಸ ಅಂದರೆ ಅಚ್ಚುಕಟ್ಟಾಗಿರಬೇಕು.

ನಿಜಕ್ಕೆ ಎಷ್ಟಿತ್ತು ಅಂತ ಕೇಳಬೇಡಿ, ಹೇಳಲ್ಲ. ಇಪ್ಪತ್ತು ಸಾವಿರದ ಕಾಲುಭಾಗವೂ ಇರಲಿಲ್ಲ ಅಂತ ಮಾತ್ರ ತಿಳ್ಕೊಳ್ಳಿ.

ಸಂಜೆ ಅವಳು ಬಂದಳು. ಚಪ್ಪಲಿ ಬಿಡಲಿಲ್ಲ, ನೀರು ಕುಡೀಲಿಲ್ಲ, ಸೀದಾ ನನ್ನೆದುರು ನಿಂತಳು. ಮುಖ ಸುಣ್ಣ ಬಳಿದ ಗೋಡೆ ಹಂಗಿತ್ತು.

"ಬಸ್ಸಲ್ಲಿ ನನ್ನ ಮುಂದಿನ ಸೀಟಲ್ಲಿ ಹಂದನಕೆರೆಯೋರೊಬ್ರು ಕೂತಿದ್ರು. ಅವರ ಫೋನಿಂದ ನಿಮ್ಮ ದನಿ ಬಂತು. ನೀವೇ ಸತ್ತುಗಿತ್ತು ಹೋದ್ರೇನೋ, ಅದಕ್ಕೇ ಜನ ನೋಡ್ತಿದ್ದಾರೇನೋ ಅಂತ ನನ್ನ ಜೀವ ಹೋಯ್ತು. ಬಗ್ಗಿ ನೋಡಿದ್ರೆ ನಮ್ಮ ಅಟ್ಟ! ಎದ್ದು ನಿಂತು ಹಿಂದೆ ನೋಡ್ದೆ, ಹಿಂದಿನ ಸೀಟಲ್ಲೂ ನಮ್ಮ ಅಟ್ಟ! ಡ್ರೈವರ್ ಒಬ್ಬನ್ನ ಬಿಟ್ಟು ಇಡೀ ಬಸ್ಸು ನಮ್ಮ ಅಟ್ಟ ನೋಡ್ತಿತ್ತು ಕಣ್ರೀ."

ನನಗೂ ಒಳಗೊಳಗೇ ಗಾಬರಿಯಾಯ್ತು. ಆದರೂ ಬಸ್ಸು ತುಂಬಾ ಜನ ನೋಡಿದರು ಅಂದಮೇಲೆ ಒಂದು ಮಾತು ಕೇಳದೆ ಇರೋಕಾಗಲಿಲ್ಲ. "ಏನಂದ್ರೇ ಜನ?"

"ಹಂದನಕೆರೆಯೋರು ನನಗೇ ತೋರಿಸಿ ಅಂದ್ರು: 'ನೋಡಮ್ಮಾ, ಅಜ್ಜ ಎಷ್ಟು ಚೆನ್ನಾಗಿ ಮಾತಾಡ್ತಾನೆ. ಪಾಪ, ಮನೇಲಿ ಹೇಳೋರು ಕೇಳೋರು ಯಾರೂ ಇಲ್ಲಾಂತ ಕಾಣ್ತದೆ.'"

೪. ಮೈಕಿನ ಮುಂದೆ

ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ತಾನಾಗೇ ಮಾತಾಡಿದಳು, ಅದೂ ಬಲು ಮೆತ್ತಗೆ. "ತುರುವೇಕೆರೇಲಿ ನಾಳೆ ಒಂದು ಸಭೆ ಇದ್ಯಂತೆ. ಫೋನಲ್ಲಿ ಮೋಸ ಹೋಗದೆ ಇರೋದು ಹೆಂಗೆ ಅಂತ ಹೇಳ್ಕೊಡ್ತಾರಂತೆ. ಹೋಗಿ ಬನ್ನಿ. ಅರ್ಧಕ್ಕೆ ಎದ್ದು ಬರಬೇಡಿ. ಊಟಾನೂ ಅಲ್ಲೇ ಕೊಡ್ತಾರೆ, ಉಂಡ್ಕೊಂಡು ಸಂಜೆಗೆ ಬನ್ನಿ."

ಹೋದೆ. ಮೇಡಂ ಒಬ್ಬರು ಬಲು ಚೆನ್ನಾಗಿ ಹೇಳಿದರು. ಮನೆ ವಿಷಯ ಎಲ್ಲರಿಗೂ ಕಾಣೋ ಹಂಗೆ ಹಾಕಬೇಡಿ, ಊರಿಗೆ ಹೋಗ್ತಿದ್ದೀವಿ ಅಂತ ಮೊದಲೇ ಸಾರಬೇಡಿ, ಪಿನ್ ನಂಬರನ್ನ ಹೆಂಡತಿ ಮಕ್ಕಳಿಗೂ ಹೇಳಬೇಡಿ ಅಂದರು. ತಲೆ ತೂಗಿ ತೂಗಿ ನನಗೆ ಕುತ್ತಿಗೆ ನೋವು ಬಂತು. ಕೊನೆಯಲ್ಲಿ ಕೇಳಿದರು: "ನಿಮ್ಮಲ್ಲಿ ಯಾರಾದರೂ ಈ ವಿಷಯದಲ್ಲಿ ಹುಷಾರಾಗಿ ನಡ್ಕೊಂಡಿದ್ದರೆ ಬಂದು ಅನುಭವ ಹೇಳಿ."

ಇನ್ನೂರು ಜನರಲ್ಲಿ ಎದ್ದವನು ನಾನೊಬ್ಬನೇ. ಮೈಕ್ ಹಿಡಿದೆ.

"ನಾನು ಶಾಲೆಗೆ ಹೋದವನಲ್ಲ. ಆದ್ರೂ ಹೇಳ್ತೀನಿ ಕೇಳಿ. ನನ್ನ ಪಿನ್ ನಂಬರು ಏಳು ಸೊನ್ನೆ ಆರು ಎರಡು ಇತ್ತು. ಅದು ಒಬ್ಬನಿಗೆ ಗೊತ್ತಾಗೋಯ್ತು. ಬೇರೆ ಯಾರಾದ್ರೂ ಆಗಿದ್ರೆ ಅಳ್ತಾ ಕೂತಿರೋರು. ನಾನು ಏನು ಮಾಡ್ದೆ? ಹಿಂದಿನಿಂದ ಮುಂದಕ್ಕೆ ತಿರುಗಿಸಿಬಿಟ್ಟೆ! ಈಗ ಯಾರು ಕಂಡುಹಿಡೀತಾರೆ?"

ಚಪ್ಪಾಳೆ ಬರುತ್ತೆ ಅಂತ ನಿಂತೆ. ಬರಲಿಲ್ಲ. ಇನ್ನೂರು ಜನ ಬಾಯಿ ತೆರೆದು ಕೂತಿದ್ದರು, ಮೇಡಂ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡಿದ್ದರು. "ಅಜ್ಜಾ, ಮೈಕ್ ಇಲ್ಲಿ ಕೊಡಿ, ಮೊದಲು ಫೋನ್ ತೆಗೀರಿ, ಈಗಲೇ ನಂಬರ್ ಬದಲಾಯಿಸಿ" ಅಂದರು. ಮೂಲೆಗೆ ಕರ್ಕೊಂಡು ಹೋಗಿ, ತಾವು ಗೋಡೆ ಕಡೆ ಮುಖ ತಿರುಗಿಸಿ ನಿಂತು, ಹೊಸ ನಂಬರು ಹಾಕಿಸಿದರು.

ಸಂಜೆ ಮನೆಗೆ ಬಂದು ನಮ್ಮನೆಯವಳಿಗೆ ಹೇಳಿದೆ: "ಹೊಸದು ಹಾಕ್ದೆ ಕಣೇ."

"ಎಂಥಾದ್ದು ಹಾಕಿದ್ರಿ?"

ಸುತ್ತಲೂ ನೋಡಿ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: "ತಿರುಗಾಮುರುಗಾ ಅಂತ ಈಗ ಎಲ್ಲರಿಗೂ ಗೊತ್ತಲ್ಲ? ಅದಕ್ಕೇ ಮತ್ತೆ ಸೀದಾ ಮಾಡ್ಬಿಟ್ಟೆ."

೫. ಪಕ್ಕದವನ ಅಟ್ಟ

ಆ ಸಭೆಯ ದಿನದಿಂದ ನಮ್ಮನೆಯಲ್ಲಿ ಒಂದು ಹೊಸ ಕಾನೂನು ಬಂತು. ಅಟ್ಟದ ಏಣಿ ತೆಗೆದಿಟ್ಟಳು. ಅಟ್ಟದ ಮುಂದಕ್ಕೆ ಉದ್ದಕ್ಕೂ ಗೋಣಿತಾಟು ಇಳಿಬಿಟ್ಟಳು. "ನಿಮ್ಮ ಕಣ್ಣೇ ಮೊದಲು ಬೀಳೋದು. ಕಾಯಿ ಇಳಿಯೋಗಂಟ ನೀವು ಅದರ ಕಡೆ ನೋಡಂಗಿಲ್ಲ" ಅಂದಳು. ತಪ್ಪು ನನ್ನದಾದ್ದರಿಂದ ಒಪ್ಪಿಕೊಂಡೆ.

ಒಂದು ವಾರ ಕಳೆದ ಮೇಲೆ ಪಕ್ಕದ ತೋಟದವನು ಬೇಲಿ ಆಚೆಯಿಂದ ಕೂಗಿದ: "ಲೇ, ಕಾಫಿಗೆ ಬಾರ್ಲಾ. ನಿಂಗೊಂದು ತೋರಿಸಬೇಕು."

ಹೋದೆ. ನಡುಮನೆಗೆ ಕರ್ಕೊಂಡು ಹೋಗಿ ಮೇಲಕ್ಕೆ ಕೈ ತೋರಿಸಿದ. ನನ್ನ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಅಟ್ಟದ ತುಂಬಾ ಕಾಯಿ! ಹೋದ ತಿಂಗಳು ಅವನ ಅಟ್ಟ ಖಾಲಿಯಾಗಿದ್ದನ್ನ ಕಣ್ಣಾರೆ ಕಂಡಿದ್ದೆ.

"ಇದೆಲ್ಲಿಂದ ಬಂತ್ಲಾ?"

"ಏನೋ, ಅಷ್ಟೋ ಇಷ್ಟೋ" ಅಂತ ನಕ್ಕ. ಏಣಿ ಹತ್ತಿ ಒಂದು ಕಾಯಿ ತಂದು ನನ್ನ ಕಿವಿ ಹತ್ತಿರ ಅಲ್ಲಾಡಿಸಿದ. ಗಡಗಡ ಗಡಗಡ. "ಹೆಂಗದೆ?"

ಚೆನ್ನಾಗಿದೆ ಅನ್ನೋಕೆ ನನ್ನ ನಾಲಿಗೆ ಹೊರಳಲಿಲ್ಲ. "ಇದೂ ಒಂದು ಕಾಯೇನ್ಲಾ? ಗೋಲಿ ಅಲ್ಲಾಡಿಸಿದಂಗದೆ. ನೀರು ಕಾಣದ ಮರದ್ದು, ಗೊಬ್ಬರ ಕಾಣದ ತೋಟದ್ದು. ಇಂಥಾ ಕಾಯಿ ಬೆಳೆದವನು ತಲೆ ಎತ್ಕೊಂಡು ಹೆಂಗೆ ಓಡಾಡ್ತಾನೋ!"

ಅವನು ಕೆಮ್ಮಿದ. ಕಾಫಿ ತಂದ ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಒಳಕ್ಕೆ ಓಡಿದಳು. ಮಾನಕ್ಕೆ ಪೆಟ್ಟು ಬಿತ್ತು, ಅಳ್ತಿದ್ದಾಳೆ, ಪಾಪ ಅಂತ ನಾನೇ ಮಾತು ನಿಲ್ಲಿಸಿದೆ.

೬. ಬೀಗ ಹಾಕಿದ ಮನೆ

ದಬ್ಬೇಘಟ್ಟದಲ್ಲಿ ನಮ್ಮ ಬೀಗರ ಹೊಸಮನೆ ಗೃಹಪ್ರವೇಶ. ಬೆಳಿಗ್ಗೆ ಇಬ್ಬರೂ ಹೊರಟೆವು. ನಾನು ಜರಿ ಪೇಟ ಸುತ್ತಿದ್ದೆ. ಪೇಟ ಸುತ್ತಿದ ಮೇಲೆ ಫೋಟೋ ತೆಗೀದೆ ಇರೋಕಾಗುತ್ತಾ? ಬಸ್ಸಿನಲ್ಲಿ ಕೂತು ಒಂದು ಫೋಟೋ ತೆಗೆದು, ಗ್ರೂಪಿಗೂ ಸ್ಟೇಟಸ್ಸಿಗೂ ಹಾಕಿದೆ: "ಇಬ್ಬರೂ ದಬ್ಬೇಘಟ್ಟಕ್ಕೆ ಹೊರಟೆವು. ಬರೋದು ಸಂಜೆಗೆ."

ಹಾಕಿದ ಮೇಲೆ ಸಭೆಯ ಮೇಡಂ ಹೇಳಿದ್ದು ನೆನಪಾಯ್ತು. ನಮ್ಮನೆಯವಳ ಮುಖ ನೋಡಿದೆ. ಅವಳು ಕಿಟಕಿಯಾಚೆ ತೋಟ ನೋಡ್ತಿದ್ದಳು. ಹೇಳದೆ ಫೋನನ್ನ ಜೇಬಿಗೆ ಇಳಿಸಿದೆ. ಊಟಕ್ಕೆ ಹೋಳಿಗೆ ಬಡಿಸಿದರು, ಒಂದೂ ಗಂಟಲಲ್ಲಿ ಇಳೀಲಿಲ್ಲ. ಆರು ಮಾತ್ರ ತಿಂದೆ.

ಮಧ್ಯಾಹ್ನವೇ ಹೊರಡಿಸಿಕೊಂಡು ಬಂದೆ. ನಮ್ಮ ಅಂಗಳದಲ್ಲಿ ದೊಡ್ಡ ಗಾಡಿಯ ಚಕ್ರದ ಗುರುತು. ಬಾಗಿಲಿನ ಬೀಗ ಹಾಕಿದಂಗೇ ಇತ್ತು, ಒಡೆದಿರಲಿಲ್ಲ. ಕಿವಿ ಕೇಳದ ನಾಯಿ ಜಗಲಿ ಮೇಲೆ ಗೊರಕೆ ಹೊಡೀತಿತ್ತು. ಬೀಗ ತೆಗೆದು ಒಳಕ್ಕೆ ಹೋದರೆ ನಡುಮನೆಯಲ್ಲಿ ನಮ್ಮದಲ್ಲದ ಒಂದು ಹೊಸ ಏಣಿ ಅಟ್ಟಕ್ಕೆ ಒರಗಿ ನಿಂತಿದೆ. ಗೋಣಿತಾಟು ಕೆಳಕ್ಕೆ ಬಿದ್ದಿದೆ. ಅಟ್ಟ ಖಾಲಿ. ನಾಲ್ಕು ಒಣಗಿದ ಮಟ್ಟೆ ಬಿಟ್ಟರೆ ಒಂದೇ ಒಂದು ಕಾಯಿ ಇಲ್ಲ.

ನಾನು ಹೊಸಿಲ ಮೇಲೆ ಕುಸಿದೆ. ಚಿರತೆ ಎದುರು ನಿಂತವನ ಕಣ್ಣಲ್ಲಿ ನೀರು ಬಂತು. ಪೇಟ ತೆಗೆದು ಅದರಲ್ಲೇ ಮುಖ ಒರೆಸಿಕೊಂಡೆ. ಹಿತ್ತಲಲ್ಲಿ ಗಾಳಿಗೆ ಗರಿಯ ಮರೆ ಪಟಪಟ ಅಂತಿದ್ದದ್ದು ಇಲ್ಲಿಗೇ ಕೇಳಿಸ್ತಿತ್ತು. "ನಿನ್ನ ಬಚ್ಚಲು ನಾನೇ ಕಳೆದುಬುಟ್ಟೆ ಕಣೇ. ನಾಲಿಗೆ ಕತ್ತರಿಸಿ ಹಾಕು" ಅಂದೆ. ಸುಳ್ಳಲ್ಲ, ಮನಸಾರೆ ಅಂದೆ.

ನನ್ನ ಗೋಳು ಕೇಳಿ ಜನ ಸೇರಿದರು. ಪಕ್ಕದ ತೋಟದವನು ಬಂದ, ಅವನ ಹೆಂಡತಿ ಬಂದಳು, ಮರ ಹತ್ತೋನು ಬಂದ. ಅಷ್ಟರಲ್ಲಿ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ವಾಯ್ಸ್ ಮೆಸೇಜು ಬಂತು. ಮರ ಹತ್ತೋನು ಒತ್ತಿದ. ಒಬ್ಬನ ದನಿ, ಎಲ್ಲರಿಗೂ ಕೇಳೋ ಹಂಗೆ:

"ಯಜಮಾನ್ರೇ, ಇಪ್ಪತ್ತು ಸಾವಿರ ಕಾಯಿ ಅಂದ್ರಲ್ಲಾ ನೀವು? ಅದನ್ನ ನಂಬ್ಕೊಂಡು ದೊಡ್ಡ ಗಾಡಿ ಬಾಡಿಗೆಗೆ ತಂದ್ವಿ. ಹತ್ತಿ ನೋಡಿದ್ರೆ ಬರೀ ಮಟ್ಟೆ! ವಯಸ್ಸಾದೋರು ಇಷ್ಟು ಸುಳ್ಳು ಹೇಳಬಾರದು. ಬೀಗದ ಕೈ ಕಲ್ಲಿನ ಅಡಿಗೇ ಇಟ್ಟಿದ್ದೀವಿ. ಆತುರಕ್ಕೆ ಏಣಿ ಅಲ್ಲೇ ಬಿಟ್ಟು ಬಂದ್ವಿ, ಅದೂ ಬಾಡಿಗೇದೇ."

ನನ್ನನ್ನ ಸುಳ್ಳುಗಾರ ಅಂತ ಊರೆಲ್ಲಾ ಅಂದಿದೆ, ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಆದರೆ ಈಗ ಒಬ್ಬ ಕಳ್ಳನೂ ಹಂಗಂದುಬಿಟ್ಟ! ಆಮೇಲೆ ತಲೆಗೆ ಹೊಳೀತು: ಬರೀ ಮಟ್ಟೆ ಇತ್ತು ಅಂದರೆ ಕಾಯಿ?

ನಮ್ಮನೆಯವಳು ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ತಾ ಕೂತಿದ್ದಳು. "ನೀವು ತುರುವೇಕೆರೇಲಿ ಮೈಕ್ ಹಿಡಿದಿದ್ರಲ್ಲ, ಅವತ್ತು ಸಾಗಿಸಿದ್ವಿ. ಇವರದ್ದೇ ಟ್ರ್ಯಾಕ್ಟರು, ಮರ ಹತ್ತೋನು ಇಳಿಸಿಕೊಟ್ಟ. ಇವರ ಅಟ್ಟ ಖಾಲಿ ಬಿದ್ದಿತ್ತು" ಅಂತ ಪಕ್ಕದವನ ಹೆಂಡತಿ ಕಡೆ ತಿರುಗಿ ನಕ್ಕಳು.

"ಮತ್ತೆ ಬೀಗದ ಕೈ? ಅದನ್ಯಾಕೆ ಅಲ್ಲೇ ಬಿಟ್ಟೆ?"

"ಬೀಗದ ಕೈ ಸಿಗದಿದ್ರೆ ಬಾಗಿಲು ಒಡೀತಿದ್ರು. ಬಚ್ಚಲಿಗೊಂದು ಬಾಗಿಲು ಮಾಡಿಸೋಕೇ ಇಷ್ಟು ಪಾಡು, ಇನ್ನು ಮನೆಗೂ ಮಾಡಿಸಲಾ?"

ಪಕ್ಕದವನು ಬಗಲಲ್ಲಿ ಇಟ್ಟುಕೊಂಡು ಬಂದಿದ್ದ ಒಂದು ಕಾಯಿ ತೆಗೆದ. "ಗೋಲಿ ಅಂದ್ಯಲ್ಲೋ? ಗೊಬ್ಬರ ಕಾಣದ ತೋಟದ್ದು ಅಂದ್ಯಲ್ಲೋ? ಇಂಥಾ ಕಾಯಿ ಬೆಳೆದವನು ತಲೆ ಎತ್ಕೊಂಡು ಹೆಂಗೆ ಓಡಾಡ್ತಾನೆ ಅಂದ್ಯಲ್ಲೋ? ಈಗ ಕೇಳಿಸ್ಕೋ" ಅಂತ ನನ್ನ ಕಿವಿ ಹತ್ತಿರ ಅಲ್ಲಾಡಿಸಿದ. ಗಡಗಡ ಗಡಗಡ. "ಹೇಳ್ಲಾ, ಮೂರು ತಾಲ್ಲೂಕಿನ ಕಿವಿಯೇ, ಇದು ಯಾವ ಮರದ್ದು?"

ಅಂಗಳದ ಜನವೆಲ್ಲಾ ನನ್ನ ಮುಖ ನೋಡ್ತಾ ನಿಂತರು. ಇರೋ ಒಂದು ವಿದ್ಯೆ, ಅದೂ ಹೋಗಬಾರದಲ್ಲ. ಕಣ್ಣು ಮುಚ್ಚಿದೆ. ತಲೆಯಲ್ಲಿ ಒಂದೂ ಮರ ಬರಲಿಲ್ಲ. ಬಾಯಿಗೆ ಬಂದದ್ದನ್ನ ಎದೆ ಸೆಟೆಸಿ ಹೇಳಿಬಿಟ್ಟೆ:

"ಇದಾ? ಇದು ನಮ್ಮ ತೋಟದ ಏಳು ಸಾವಿರದ ಅರವತ್ತೆರಡನೇ ಮರದ್ದು!"

ಮರ ಹತ್ತೋನು ತಲೆ ಕೆರ್ಕೊಂಡ. "ಯಜಮಾನ್ರೇ, ಆ ನಂಬರ್ ನೀವು ತಿರುಗಾಮುರುಗಾ ಮಾಡಿದ್ರಂತಲ್ಲ? ತುರುವೇಕೆರೇಲೆಲ್ಲಾ ಅದೇ ಮಾತು."

ನಾನು ಬಾಯಿ ತೆರೆಯೋ ಮೊದಲೇ ನಮ್ಮನೆಯವಳು ಅಂದಳು: "ಇಲ್ಲ ಕಣಪ್ಪಾ, ಇವರು ಮತ್ತೆ ಸೀದಾ ಮಾಡಿದ್ರು."

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಕೈಯಲ್ಲಿದ್ದ ಎಲೆ ನೆಲಕ್ಕೆ ಬಿತ್ತು. ಅವಳು ಈ ಮನೆಗೆ ಕಾಲಿಟ್ಟ ಮೇಲೆ ಅವಳ ಬಾಯಿಂದ ಗುಟ್ಟು ಹೊರಗೆ ಬಿದ್ದದ್ದು ಅದೊಂದೇ ಸಲ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನನ್ನನ್ನ ನೋಡಿದಳು. ಅವಳಿಗೆ ಆದ ಗಾಬರಿ ನೋಡಿ ನನಗೆ ಎಷ್ಟು ಸಮಾಧಾನವಾಯ್ತು ಅಂದರೆ, ಸತ್ಯ ಹೇಳ್ತೀನಿ, ತಿಂದಿದ್ದ ಆರು ಹೋಳಿಗೆ ಆಗಲೇ ಜೀರ್ಣವಾದದ್ದು.

ಬಚ್ಚಲು ಎದ್ದು ನಿಂತಿದೆ. ನಾಲ್ಕು ಗೋಡೆ, ಮೇಲೊಂದು ಸೂರು, ಬಾಗಿಲಿಗೆ ಒಳಗಡೆಯಿಂದ ಚಿಲಕ. ಗಾರೆಯವರು ಸೂರು ಹಾಕಿದ್ದು ಕಳ್ಳರು ಬಿಟ್ಟುಹೋದ ಏಣಿ ಮೇಲೆ ನಿಂತು. ಕೊಬ್ಬರಿ ದುಡ್ಡಿನ ಕೊನೇ ಕಂತು ಖಾತೆಗೆ ಬರೋ ಹಿಂದಿನ ದಿನ ಅವಳು ನನ್ನ ಫೋನು ತಗೊಂಡು ಆ ಬಚ್ಚಲೊಳಗೆ ಹೋಗಿ ಚಿಲಕ ಹಾಕಿಕೊಂಡು, ಹೊಸ ಪಿನ್ ನಂಬರು ಹಾಕಿಕೊಂಡು ಬಂದಳು. ಅದು ಏನು ಅಂತ ಇವತ್ತಿನವರೆಗೂ ನನಗೆ ಹೇಳಿಲ್ಲ. ಇಡೀ ಊರಿನಲ್ಲಿ ಯಾರಿಗೂ ಗೊತ್ತಿಲ್ಲ.

ಮರ ಹತ್ತೋನು ಮಾತ್ರ ಮುನ್ನೂರೂ ಮರ ಹತ್ತಿ ಇಳಿದು, ಸುಸ್ತಾಗಿ ಬಂದು ನನ್ನ ಪಕ್ಕ ಕೂತ. "ಯಜಮಾನ್ರೇ, ಎಲ್ಲೂ ಕಾಣ್ತಿಲ್ಲ. ಅಮ್ಮಾವ್ರು ಯಾವ ಮರದ ಮ್ಯಾಲೆ ಬರೆದ್ರು?"